ಒಬಾಮಾ, ಚೇನಿ ನೆಂಟರಾದರೆ ಅದರಲ್ಲಿ ಆಶ್ಚರ್ಯ ಏನು?

2007ರಲ್ಲಿ ಅಮೆರಿಕದ ಆಗಿನ ಉಪಾಧ್ಯಕ್ಷ ಡಿಕ್ ಚೇನಿ ಅವರ ಹೆಂಡತಿ ಲಿನ್ ಚೇನಿ ಟೀವಿಯಲ್ಲಿ ಒಂದು ವಿಷಯ ಹೇಳಿದರು. ತಮ್ಮ ಗಂಡನೂ ಬರಾಕ್ ಒಬಾಮಾ ಅವರೂ ಎಂಟನೇ ಕಸಿನ್‌ಗಳಂತೆ. ಒಬ್ಬರು ಇರಾಕ್ ಯುದ್ಧಕ್ಕೆ ಮುಂದೆ ನಿಂತವರು, ಇನ್ನೊಬ್ಬರು ಆ ಯುದ್ಧವನ್ನು ವಿರೋಧಿಸಿ ಹೆಸರು ಮಾಡಿದವರು. ಇಬ್ಬರಿಗೂ ಮೂಲಪುರುಷ ಮರೀನ್ ಡುವಾಲ್, 17ನೇ ಶತಮಾನದಲ್ಲಿ ಫ್ರಾನ್ಸಿನಿಂದ ಬಂದು ಮೇರಿಲ್ಯಾಂಡ್‌ನಲ್ಲಿ ನೆಲೆಸಿದ ಪ್ರಾಟೆಸ್ಟೆಂಟ್. ಅಧ್ಯಕ್ಷ ಹ್ಯಾರಿ ಟ್ರೂಮನ್ ಕೂಡ ಅದೇ ಡುವಾಲ್ ವಂಶದವರು. ಆಮೇಲೆ 2012ರಲ್ಲಿ ಕ್ಯಾಲಿಫೋರ್ನಿಯಾದ ಶಾಲಾ ಹುಡುಗಿಯೊಬ್ಬಳು ಇನ್ನೂ ದೊಡ್ಡ ಸುದ್ದಿಯಾದಳು. ಮಾರ್ಟಿನ್ ವಾನ್ ಬ್ಯೂರನ್ ಒಬ್ಬರನ್ನು ಬಿಟ್ಟು ಅಮೆರಿಕದ ಎಲ್ಲ ಅಧ್ಯಕ್ಷರೂ ಇಂಗ್ಲೆಂಡಿನ ರಾಜ ಜಾನ್ ವಂಶಸ್ಥರು ಅಂತ ಅವಳು ಒಂದು ದೊಡ್ಡ ವಂಶವೃಕ್ಷ ಬಿಡಿಸಿದ್ದಳು. ಜಾನ್ ಅಂದರೆ 1215ರಲ್ಲಿ, ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನ ಕಾರ್ಟಾ ಒಪ್ಪಂದಕ್ಕೆ ಒಪ್ಪಿಗೆಯ ಮುದ್ರೆ ಹಾಕಿದ ರಾಜ.

ಹುಡುಗಿಯ ಶ್ರಮ ಮೆಚ್ಚುವಂಥದ್ದೇ. ಆದರೆ ಈ ಸುದ್ದಿ ಇವತ್ತಿಗೂ ಓಡಾಡುವ ರೀತಿ ನನಗೆ ಸಹಿಸಲು ಆಗುವುದಿಲ್ಲ. "ನೋಡಿ, ಅಮೆರಿಕ ಆಳುವವರೆಲ್ಲ ಒಂದೇ ರಕ್ತ", "ರಾಜವಂಶದವರೇ ಗುಟ್ಟಾಗಿ ಅಧಿಕಾರ ಹಂಚಿಕೊಳ್ಳುತ್ತಿದ್ದಾರೆ" ಅಂತ ಓದಿದವರೂ ನಂಬುತ್ತಾರೆ. ಇಲ್ಲಿ ಗುಟ್ಟು ಯಾವುದೂ ಇಲ್ಲ. ಇರುವುದು ಗುಣಾಕಾರ.

ಅಜ್ಜ-ಅಜ್ಜಿ ಒಂದೇ ಆದರೆ ಒಂದನೇ ಕಸಿನ್. ಮುತ್ತಜ್ಜ-ಮುತ್ತಜ್ಜಿ ಒಂದೇ ಆದರೆ ಎರಡನೇ ಕಸಿನ್. ಹೀಗೇ ಹತ್ತುತ್ತಾ ಹೋದರೆ ಎಂಟನೇ ಕಸಿನ್‌ಗಳಿಗೆ ಒಂಬತ್ತು ತಲೆಮಾರು ಹಿಂದೆ ಒಂದು ಜೋಡಿ ಸಮಾನವಾಗಿ ಸಿಗುತ್ತದೆ. ಈಗ ಲೆಕ್ಕ ಹಾಕೋಣ. ಪ್ರತಿಯೊಬ್ಬರಿಗೂ ಮೂರು ಮಕ್ಕಳು, ಆ ಮೂವರಿಗೂ ಮೂರು ಮೂರು ಮಕ್ಕಳು ಅಂತ ಇಟ್ಟುಕೊಳ್ಳಿ. ಹಳೆ ಕಾಲಕ್ಕೆ ಇದು ಜಾಸ್ತಿಯೇನಲ್ಲ. ಆಗ ನಿಮ್ಮ ಒಂದನೇ ಕಸಿನ್‌ಗಳು 12 ಜನ. ಎಂಟನೇ ಕಸಿನ್‌ಗಳು? ಸುಮಾರು 33 ಲಕ್ಷ! ಇಷ್ಟು ಜನರಲ್ಲಿ ಒಬ್ಬರು ಉಪಾಧ್ಯಕ್ಷರಾದರೆ ಅದರಲ್ಲಿ ವಿಶೇಷವೇನೂ ಇಲ್ಲ ಅಲ್ವಾ?

ಮೇಲಕ್ಕೆ ಎಣಿಸಿದರೆ ಇನ್ನೂ ಮಜಾ. ತಂದೆ-ತಾಯಿ 2, ಅಜ್ಜ-ಅಜ್ಜಿಯರು 4, ಹತ್ತು ತಲೆಮಾರಿಗೆ 1,024, ಇಪ್ಪತ್ತಕ್ಕೆ ಹತ್ತು ಲಕ್ಷಕ್ಕಿಂತ ಜಾಸ್ತಿ. ಜಾನ್ ರಾಜನ ಕಾಲಕ್ಕೆ ಹೋಗಲು ಒಂದು ಇಪ್ಪತ್ತೆಂಟು ತಲೆಮಾರು ಹತ್ತಬೇಕು. ಅಲ್ಲಿ ಒಬ್ಬ ಮನುಷ್ಯನಿಗೆ ಬೇಕಾಗುವ ಪೂರ್ವಜರ ಜಾಗ ಸುಮಾರು 26.8 ಕೋಟಿ. ಆಗ ಇಡೀ ಇಂಗ್ಲೆಂಡಿನಲ್ಲಿ ಇದ್ದವರು ಅರ್ಧ ಕೋಟಿಯೂ ಇರಲಿಲ್ಲ! ಹಾಗಾದರೆ ಆ ಕೋಟಿಗಟ್ಟಲೆ ಜಾಗ ತುಂಬುವವರು ಯಾರು? ಅದೇ ಜನ, ಮತ್ತೆ ಮತ್ತೆ. ಒಬ್ಬನೇ ರೈತ ನಿಮ್ಮ ವಂಶವೃಕ್ಷದಲ್ಲಿ ನೂರಾರು ಕಡೆ ಬಂದು ಕೂತಿರುತ್ತಾನೆ. ದೂರದ ಸಂಬಂಧಿಕರು ಗೊತ್ತಿಲ್ಲದೆಯೇ ಒಬ್ಬರನ್ನೊಬ್ಬರು ಮದುವೆಯಾಗುತ್ತಾ ಬಂದಿದ್ದಾರೆ, ಹಾಗಾಗಿ ಕೊಂಬೆಗಳು ಮೇಲೆ ಹೋದಂತೆ ಹರಡುವುದು ನಿಂತು ಒಂದಕ್ಕೊಂದು ಸೇರಿಕೊಳ್ಳುತ್ತವೆ.

1999ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಜೋಸೆಫ್ ಚಾಂಗ್ ಇದನ್ನು ಗಣಿತದಲ್ಲಿ ತೋರಿಸಿದರು. ಹತ್ತು ಲಕ್ಷ ಜನರ ಒಂದು ಸಮುದಾಯದಲ್ಲಿ ಯಾರು ಯಾರನ್ನು ಬೇಕಾದರೂ ಮದುವೆಯಾಗಬಹುದು ಅಂತಿದ್ದರೆ, ಬರೀ 20 ತಲೆಮಾರು ಹಿಂದೆಯೇ ಎಲ್ಲರಿಗೂ ಸಮಾನನಾದ ಒಬ್ಬ ಪೂರ್ವಜ ಸಿಗುತ್ತಾನೆ. 35 ತಲೆಮಾರು ಹಿಂದೆ ಹೋದರೆ ಇನ್ನೂ ವಿಚಿತ್ರ. ಆಗ ಬದುಕಿದ್ದ ಪ್ರತಿಯೊಬ್ಬನೂ ಒಂದೋ ಈಗಿನ ಎಲ್ಲರ ಪೂರ್ವಜ, ಇಲ್ಲವೇ ಅವನ ವಂಶವೇ ಉಳಿದಿಲ್ಲ. ನಡುವೆ ಇನ್ನೊಂದು ಗುಂಪೇ ಇಲ್ಲ. ನಿಜ ಜೀವನದಲ್ಲಿ ಜನ ಹಾಗೆ ಯಾರನ್ನು ಬೇಕಾದರೂ ಮದುವೆಯಾಗಲ್ಲ ಅನ್ನುವುದು ಸರಿ. ಆದರೆ 2013ರಲ್ಲಿ ಪೀಟರ್ ರಾಲ್ಫ್ ಮತ್ತು ಗ್ರಹಾಂ ಕೂಪ್ ಯುರೋಪಿನ ಜನರ ಡಿಎನ್‌ಎ ನೋಡಿದಾಗ, ಖಂಡದ ಎರಡು ತುದಿಯಲ್ಲಿ ಇರುವವರಿಗೂ ಕಳೆದ ಸಾವಿರ ವರ್ಷಗಳಲ್ಲಿ ಲೆಕ್ಕವಿಲ್ಲದಷ್ಟು ಸಮಾನ ಪೂರ್ವಜರು ಇದ್ದಾರೆ ಅಂತ ಕಂಡಿತು. ಅಂದರೆ ಪಟ್ಟಿಯಿಂದ ಹೊರಗುಳಿದ ವಾನ್ ಬ್ಯೂರನ್ ಕೂಡ ಬಹುಶಃ ಜಾನ್ ವಂಶದವರೇ. ಅವರು ಡಚ್ ಮನೆತನದವರು, ಮನೆಯಲ್ಲಿ ಮೊದಲು ಕಲಿತದ್ದು ಡಚ್ ಭಾಷೆ. ಇಂಗ್ಲಿಷ್ ಕಾಗದಪತ್ರಗಳಲ್ಲಿ ಅವರ ಹಿರಿಯರು ಸಿಗಲಿಲ್ಲ, ಅಷ್ಟೇ.

ಅಮೆರಿಕದಲ್ಲಿ ಈ ನೆಂಟಸ್ತಿಕೆ ಇಷ್ಟು ಬೇಗ ಸಿಗುವುದಕ್ಕೆ ಇನ್ನೊಂದು ಕಾರಣ ಇದೆ. 1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ವಲಸೆ ಬಂದವರು 102 ಜನ. ಮೊದಲ ಚಳಿಗಾಲದಲ್ಲೇ ಸುಮಾರು ಅರ್ಧ ಜನ ಸತ್ತರು. ಉಳಿದವರಲ್ಲಿ ಜಾನ್ ಹೌಲ್ಯಾಂಡ್ ಅನ್ನುವ ಒಬ್ಬ ಯುವಕ ಇದ್ದ. ದಾರಿಯಲ್ಲಿ ಬಿರುಗಾಳಿ ಎದ್ದಾಗ ಇವನು ಹಡಗಿನಿಂದ ಸಮುದ್ರಕ್ಕೆ ಬಿದ್ದಿದ್ದ, ನೀರಿನಲ್ಲಿ ಜೋತಾಡುತ್ತಿದ್ದ ಹಾಯಿಯ ಹಗ್ಗವೊಂದು ಕೈಗೆ ಸಿಕ್ಕಿ, ಅದನ್ನು ಬಿಡದೆ ಹಿಡಿದುಕೊಂಡು ಬದುಕಿ ಬಂದ. ಮುಂದೆ ಎಲಿಜಬೆತ್ ಟಿಲ್ಲಿಯನ್ನು ಮದುವೆಯಾದ. ಹತ್ತು ಮಕ್ಕಳು, ಎಂಬತ್ತಕ್ಕೂ ಹೆಚ್ಚು ಮೊಮ್ಮಕ್ಕಳು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಮತ್ತು ಇಬ್ಬರು ಬುಷ್‌ಗಳು, ಅಂದರೆ ಮೂರು ಅಧ್ಯಕ್ಷರು, ಆ ಹಗ್ಗ ಹಿಡಿದವನ ವಂಶ.

ಮೇಫ್ಲವರ್ ಹಿಂದೆಯೇ, 1640ರ ಒಳಗೆ, ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿಗೆ ಬಂದ ಪ್ಯೂರಿಟನ್ ಪಂಥದ ಇಂಗ್ಲಿಷರು ಸುಮಾರು 20,000. ಆಮೇಲೆ ಅಲ್ಲಿಗೆ ಬರುವವರು ತುಂಬಾ ಕಡಿಮೆಯಾದರು. ಆದರೂ 1790ರ ಜನಗಣತಿ ಹೊತ್ತಿಗೆ ಅಲ್ಲಿ ಸುಮಾರು 10 ಲಕ್ಷ ಜನ! ಹೆಚ್ಚಿನ ಪಾಲು ಆ 20,000 ಜನರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ಜನಸಂಖ್ಯೆ ಇಪ್ಪತ್ತು-ಇಪ್ಪತ್ತೈದು ವರ್ಷಕ್ಕೆ ದುಪ್ಪಟ್ಟಾಗುತ್ತಿದೆ ಅಂತ ಬೆಂಜಮಿನ್ ಫ್ರಾಂಕ್ಲಿನ್ 1751ರಲ್ಲೇ ಲೆಕ್ಕ ಹಾಕಿ ಬರೆದಿದ್ದರು. ಇಂಥ ಕಡೆ ಯಾವ ಎರಡು ಹಳೇ ಮನೆತನ ಹಿಡಿದು ಮೇಲೆ ಹೋದರೂ ಎಲ್ಲೋ ಒಂದು ಕಡೆ ಸೇರಲೇಬೇಕು.

ಸರಿ, ಸಂಬಂಧ ಇದೆ ಅಂತಲೇ ಒಪ್ಪೋಣ. ಹಾಗಾದರೆ ಆ "ರಕ್ತ"?

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ನಮ್ಮಲ್ಲಿ ಪ್ರತಿ ವರ್ಣತಂತುವಿನದೂ (ಡಿಎನ್‌ಎ ಇರುವ ಕ್ರೋಮೋಸೋಮ್) ಎರಡು ಪ್ರತಿ ಇರುತ್ತವೆ, ಅಪ್ಪನದೊಂದು, ಅಮ್ಮನದೊಂದು. ಅವನ್ನು ಎರಡು ಹೂವಿನ ಸರ ಅಂದುಕೊಳ್ಳಿ, ಒಂದು ಮಲ್ಲಿಗೆ, ಒಂದು ಕನಕಾಂಬರ. ಮಗುವಿಗೆ ಕೊಡುವಾಗ ಎರಡನ್ನೂ ಕೊಡುವ ಹಾಗಿಲ್ಲ, ಒಂದೇ ಸರ ಕೊಡಬೇಕು. ಆಗ ದೇಹ ಏನು ಮಾಡುತ್ತದೆ ಅಂದರೆ ಎರಡನ್ನೂ ಪಕ್ಕ ಪಕ್ಕ ಇಟ್ಟು, ಒಂದೆರಡು ಕಡೆ ಕತ್ತರಿಸಿ, ಇಲ್ಲಿಂದ ಒಂದು ಮೊಳ ಮಲ್ಲಿಗೆ, ಅಲ್ಲಿಂದ ಅರ್ಧ ಮೊಳ ಕನಕಾಂಬರ ಸೇರಿಸಿ ಒಂದೇ ಸರ ಕಟ್ಟುತ್ತದೆ. ಉಳಿದ ಹೂವು ಆ ಮಗುವಿಗೆ ಸೇರುವುದಿಲ್ಲ. ಮುಂದಿನ ತಲೆಮಾರಿನಲ್ಲಿ ಈ ಮಿಶ್ರ ಸರಕ್ಕೆ ಮತ್ತೆ ಕತ್ತರಿ. ಒಟ್ಟು ವರ್ಣತಂತುಗಳನ್ನು ಲೆಕ್ಕ ಹಿಡಿದರೆ ತಲೆಮಾರಿಗೆ ಸುಮಾರು 33 ಕಡೆ ಕತ್ತರಿ ಬೀಳುತ್ತದೆ. ಗಮನಿಸಬೇಕಾದದ್ದು ಇದು. ಪೂರ್ವಜರ ಸಂಖ್ಯೆ ಪ್ರತಿ ಮೆಟ್ಟಿಲಲ್ಲೂ ದುಪ್ಪಟ್ಟಾಗುತ್ತದೆ, ತುಂಡುಗಳ ಸಂಖ್ಯೆ ಮಾತ್ರ ಅಷ್ಟಷ್ಟೇ ಸೇರುತ್ತಾ ಹೋಗುತ್ತದೆ. ಹತ್ತು ತಲೆಮಾರು ಹಿಂದೆ ನಿಮಗೆ 1,024 ಪೂರ್ವಜರ ಜಾಗ, ಆದರೆ ನಿಮ್ಮ ಡಿಎನ್‌ಎ ಬಂದಿರುವುದು ಅಪ್ಪ-ಅಮ್ಮ ಎರಡೂ ಕಡೆ ಸೇರಿ ಸುಮಾರು 640 ತುಂಡುಗಳಲ್ಲಿ. ಕೆಲವರಿಂದ ಎರಡು-ಮೂರು ತುಂಡು ಬಂದಿರುತ್ತದೆ. ಹಾಗಾಗಿ ಅರ್ಧಕ್ಕಿಂತ ಹೆಚ್ಚು ಜನರಿಂದ ನಿಮಗೆ ಒಂದು ಹೂವೂ ಬಂದಿರುವುದಿಲ್ಲ! ಅವರು ನಿಮ್ಮ ಪೂರ್ವಜರು ಹೌದು, ಆದರೆ ಅವರ ಡಿಎನ್‌ಎ ನಿಮ್ಮಲ್ಲಿ ಇಲ್ಲ.

ಎಂಟನೇ ಕಸಿನ್‌ಗಳ ನಡುವೆ ಆ ಸಮಾನ ಜೋಡಿಯಿಂದ ಬಂದ ಒಂದು ತುಂಡಾದರೂ ಇಬ್ಬರಲ್ಲೂ ಉಳಿದಿರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಜಾನ್ ರಾಜನ ಕಥೆ ಕೇಳಲೇಬೇಡಿ. 26.8 ಕೋಟಿ ದಾರಿಗಳಲ್ಲಿ ಡಿಎನ್‌ಎ ಬಂದಿರುವುದು ಹೆಚ್ಚೆಂದರೆ 1,800 ಚಿಲ್ಲರೆ ದಾರಿಗಳಲ್ಲಿ. ಕಾಗದದ ಮೇಲೆ ತೋರಿಸುವ ಆ ಒಂದು ದಾರಿಯಲ್ಲಿ ರಾಜನ ಅಂಶ ಇಳಿದು ಬಂದಿದೆ ಅಂತ ನಂಬಲು ಯಾವ ಆಧಾರವೂ ಇಲ್ಲ. ಹೀಗಿದ್ದರೂ 2004ರ ಅಧ್ಯಕ್ಷ ಚುನಾವಣೆ ಹೊತ್ತಿಗೆ, ರಾಜಮನೆತನದ ಸಂಬಂಧ ಯಾರಿಗೆ ಜಾಸ್ತಿಯೋ ಅವರೇ ಗೆಲ್ಲುತ್ತಾರೆ, ಹಾಗಾಗಿ ಜಾನ್ ಕೆರಿ ಗೆಲ್ಲುತ್ತಾರೆ ಅಂತ ಬ್ರಿಟನ್ನಿನಿಂದ ಒಂದು ಭವಿಷ್ಯ ಬಂತು, ಪತ್ರಿಕೆಗಳು ಅದನ್ನು ಗಂಭೀರವಾಗಿಯೇ ಅಚ್ಚು ಹಾಕಿದವು. ಗೆದ್ದದ್ದು ಜಾರ್ಜ್ ಡಬ್ಲ್ಯು. ಬುಷ್. ಇಂಥದ್ದನ್ನು ವಿಜ್ಞಾನದ ವೇಷದಲ್ಲಿ ಬಿಡುವುದು ಮೂಢನಂಬಿಕೆ ಹರಡುವುದೇ.

ದೂರದ ನೆಂಟಸ್ತಿಕೆ ಬಿಡಿ. ಹತ್ತಿರದ್ದು ನೋಡಿ, ವಿಷಯ ಇರುವುದು ಅಲ್ಲಿ.

ಜಾನ್ ಆಡಮ್ಸ್ ಎರಡನೇ ಅಧ್ಯಕ್ಷ, ಮಗ ಜಾನ್ ಕ್ವಿನ್ಸಿ ಆಡಮ್ಸ್ ಆರನೆಯವರು. ಥಿಯೋಡರ್ ರೂಸ್‌ವೆಲ್ಟ್ ಮತ್ತು ಫ್ರಾಂಕ್ಲಿನ್ ರೂಸ್‌ವೆಲ್ಟ್ ಐದನೇ ಕಸಿನ್‌ಗಳು, ಆದರೆ ಫ್ರಾಂಕ್ಲಿನ್ ಮದುವೆಯಾದದ್ದು ಥಿಯೋಡರ್ ತಮ್ಮನ ಮಗಳು ಎಲಿನಾರ್‌ರನ್ನು. 1905ರ ಮಾರ್ಚ್ 17ರಂದು ನ್ಯೂಯಾರ್ಕಿನಲ್ಲಿ ಮದುವೆ. ಹುಡುಗಿಯ ತಂದೆ ತೀರಿಹೋಗಿದ್ದರಿಂದ ಅವಳನ್ನು ಧಾರೆ ಎರೆದುಕೊಟ್ಟವರು ದೊಡ್ಡಪ್ಪ, ಅಂದರೆ ಅಧಿಕಾರದಲ್ಲಿದ್ದ ಅಧ್ಯಕ್ಷರೇ! ಫ್ರಾಂಕ್ಲಿನ್‌ಗೆ ಇದರಿಂದ ಸಿಕ್ಕಿದ್ದು ಹೆಸರು ಮತ್ತು ಪರಿಚಯ. ಪಕ್ಷ ಮಾತ್ರ ಬೇರೆ.

ಹ್ಯಾರಿಸನ್ ಮನೆತನದ್ದು ಇನ್ನೊಂದು ಕಥೆ. ವಿಲಿಯಂ ಹೆನ್ರಿ ಹ್ಯಾರಿಸನ್ 1841ರಲ್ಲಿ ಅಧ್ಯಕ್ಷರಾಗಿ 31 ದಿನಕ್ಕೇ ತೀರಿಕೊಂಡರು. ಮೊಮ್ಮಗ ಬೆಂಜಮಿನ್ 1889ರಲ್ಲಿ ಅಧ್ಯಕ್ಷರಾದರು. ನಡುವಿನವರು ಜಾನ್ ಸ್ಕಾಟ್ ಹ್ಯಾರಿಸನ್, ಒಬ್ಬ ಅಧ್ಯಕ್ಷರ ಮಗನೂ ಇನ್ನೊಬ್ಬ ಅಧ್ಯಕ್ಷರ ತಂದೆಯೂ ಆದ ಏಕೈಕ ವ್ಯಕ್ತಿ. 1878ರಲ್ಲಿ ಅವರು ಸತ್ತಾಗ ಶವ ಕಳ್ಳರಿಗೆ ಹೆದರಿ ಸಮಾಧಿಯನ್ನು ಭದ್ರವಾಗಿ ಮುಚ್ಚಿದ್ದರು. ಸಂಬಂಧಿಕರು ಬೇರೊಬ್ಬರ ಕಳುವಾದ ಶವ ಹುಡುಕುತ್ತಾ ಸಿನ್ಸಿನಾಟಿಯ ವೈದ್ಯಕೀಯ ಕಾಲೇಜಿಗೆ ಹೋದರೆ ಅಲ್ಲಿ ಹಗ್ಗಕ್ಕೆ ನೇತುಹಾಕಿದ್ದ ದೇಹ ಇವರದ್ದೇ! ದೇಶವೇ ಬೆಚ್ಚಿಬಿತ್ತು. ಶವ ಕಳ್ಳತನ ತಡೆಯುವ ಕಾನೂನುಗಳು ಆಮೇಲೆ ಬಿಗಿಯಾದವು.

ಮ್ಯಾಸಚೂಸೆಟ್ಸ್‌ನಲ್ಲಿ ಎರಡು ಮನೆತನಗಳ ಜಗಳ ಮೂರು ತಲೆಮಾರು ನಡೆಯಿತು. 1916ರಲ್ಲಿ ಹೆನ್ರಿ ಕ್ಯಾಬಟ್ ಲಾಡ್ಜ್ ಸೆನೆಟ್ ಚುನಾವಣೆಯಲ್ಲಿ ಜಾನ್ ಫಿಟ್ಜೆರಾಲ್ಡ್‌ರನ್ನು ಸೋಲಿಸಿದರು. 1952ರಲ್ಲಿ ಫಿಟ್ಜೆರಾಲ್ಡ್‌ರ ಮಗಳ ಮಗ ಜಾನ್ ಕೆನಡಿ, ಲಾಡ್ಜ್‌ರ ಮೊಮ್ಮಗನನ್ನು ಸೋಲಿಸಿದರು. 1962ರಲ್ಲಿ ಜಾನ್ ಕೆನಡಿಯ ತಮ್ಮ ಟೆಡ್ ಕೆನಡಿ, ಲಾಡ್ಜ್‌ರ ಮರಿಮಗನನ್ನೂ ಸೋಲಿಸಿದರು. ಕೆನಡಿಯವರ ಮುತ್ತಜ್ಜ-ಮುತ್ತಜ್ಜಿಯರು ಎಂಟೂ ಜನ ಐರ್ಲೆಂಡಿನಿಂದ ವಲಸೆ ಬಂದವರು. ಲಾಡ್ಜ್‌ಗಳು ಹಳೇ ಬಾಸ್ಟನ್ ಶ್ರೀಮಂತರು. ವಂಶ ಬೇರೆ, ಆಟ ಒಂದೇ.

ಇದು ಹುಟ್ಟಿನಿಂದ ಬಂದ ಸಾಮರ್ಥ್ಯವೋ, ಕುರ್ಚಿಯಿಂದ ಬಂದ ಬಲವೋ ಅಂತ ಬೇರ್ಪಡಿಸುವುದು ಹೇಗೆ? 2009ರಲ್ಲಿ ಎರ್ನೆಸ್ಟೊ ದಾಲ್ ಬೋ, ಪೆಡ್ರೊ ದಾಲ್ ಬೋ ಮತ್ತು ಜೇಸನ್ ಸ್ನೈಡರ್ ಒಂದು ಜಾಣ ದಾರಿ ಕಂಡುಕೊಂಡರು. 1789ರಿಂದ ಈಚಿನ ಅಮೆರಿಕದ ಸಂಸತ್ ಸದಸ್ಯರ ಪಟ್ಟಿ ತೆಗೆದರು. ಮೊದಲ ಅವಧಿ ಮುಗಿಸಿ ಕೂದಲೆಳೆಯಲ್ಲಿ ಮರು ಆಯ್ಕೆಯಾದವರನ್ನೂ ಕೂದಲೆಳೆಯಲ್ಲಿ ಸೋತವರನ್ನೂ ಹೋಲಿಸಿದರು. ಈ ಎರಡು ಗುಂಪಿನವರ ಯೋಗ್ಯತೆಯಲ್ಲಿ, ಮನೆತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ, ವ್ಯತ್ಯಾಸ ಕೆಲವೇ ಮತಗಳದ್ದು. ಆದರೂ ಗೆದ್ದವರ ಮಕ್ಕಳು, ನೆಂಟರು ಮುಂದೆ ಸಂಸತ್ತಿಗೆ ಬರುವ ಸಾಧ್ಯತೆ ಜಾಸ್ತಿ ಇತ್ತು. ರಕ್ತದ ಮಾತಿಗೆ ನನಗೆ ಗೊತ್ತಿರುವ ಅತ್ಯಂತ ಗಟ್ಟಿ ಉತ್ತರ ಇದು.

ಇನ್ನೊಂದು ವಿಷಯ. ಅಧ್ಯಕ್ಷರೆಲ್ಲ ನೆಂಟರು ಅಂತ ಸಿಗುವುದಕ್ಕೆ ಕಾಗದ ಉಳಿದಿರಬೇಕು. ನ್ಯೂ ಇಂಗ್ಲೆಂಡಿನ ಊರೂರಲ್ಲೂ ಗುಮಾಸ್ತರು ಹುಟ್ಟು, ಮದುವೆ, ಸಾವು ಬರೆದಿಟ್ಟರು. 1845ರಲ್ಲೇ ಬಾಸ್ಟನ್‌ನಲ್ಲಿ ವಂಶಾವಳಿ ಹುಡುಕುವವರ ಸಂಘ ಹುಟ್ಟಿತು. ಅದೇ ದೇಶದಲ್ಲಿ 1850 ಮತ್ತು 1860ರ ಜನಗಣತಿ ಗುಲಾಮರ ಹೆಸರನ್ನೇ ಬರೆಯಲಿಲ್ಲ. ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ, ಅಷ್ಟೇ. ಅವರ ವಂಶಸ್ಥರು ಇವತ್ತು ಹುಡುಕುತ್ತಾ ಹೋದರೆ 1870ರ ಜನಗಣತಿಗೆ ಬಂದು ಗೋಡೆಗೆ ಬಡಿದಂತೆ ನಿಲ್ಲುತ್ತಾರೆ.

ಆ ಗೋಡೆಯ ಆಚೆಗೂ ರಾಜಕೀಯ ಮನೆತನಗಳು ಇದ್ದವು. ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಮನೆಯಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್, ಜೆಫರ್ಸನ್ ಹೆಂಡತಿಗೆ ಮಲತಂಗಿ, ಒಬ್ಬನೇ ತಂದೆಯ ಮಗಳು. ಅವಳ ಮಕ್ಕಳ ತಂದೆ ಜೆಫರ್ಸನ್ ಅಂತ 1802ರಿಂದಲೇ ಪತ್ರಿಕೆಗಳಲ್ಲಿ ಮಾತಿತ್ತು, ಹೆಮಿಂಗ್ಸ್ ಮನೆಯವರು ತಲೆಮಾರುಗಳಿಂದ ಹೇಳುತ್ತಲೇ ಬಂದಿದ್ದರು, ದೊಡ್ಡ ದೊಡ್ಡ ಇತಿಹಾಸಕಾರರು ಅಲ್ಲಗಳೆಯುತ್ತಲೇ ಬಂದರು. ವೈ ವರ್ಣತಂತು ಬಹುತೇಕ ಕತ್ತರಿಯೇ ಬೀಳದೆ ತಂದೆಯಿಂದ ಮಗನಿಗೆ ಹೋಗುತ್ತದೆ. 1998ರಲ್ಲಿ ಅದನ್ನು ಪರೀಕ್ಷಿಸಿದಾಗ, ಸ್ಯಾಲಿಯ ಮಗ ಎಸ್ಟನ್ ವಂಶದ ಗಂಡಸಿನ ಡಿಎನ್‌ಎ ಜೆಫರ್ಸನ್ ಮನೆತನದ್ದಕ್ಕೆ ಹೊಂದಿತು. ಅದರ ಜೊತೆಗೆ ದಾಖಲೆಗಳನ್ನೂ ನೋಡಿ, ಜೆಫರ್ಸನ್ ಅವರೇ ಎಸ್ಟನ್ ತಂದೆ ಅಂತ ಈಗ ಹೆಚ್ಚಿನ ಇತಿಹಾಸಕಾರರು ಒಪ್ಪುತ್ತಾರೆ. ಆದರೆ ಜೆಫರ್ಸನ್ ಸಮಾಧಿ ಇರುವ ಮಾಂಟಿಚೆಲ್ಲೊ ಸ್ಮಶಾನ ಅವರ ಹೆಣ್ಣುಮಕ್ಕಳ ವಂಶಸ್ಥರ ಸಂಘಕ್ಕೆ ಸೇರಿದ್ದು. ಹೆಮಿಂಗ್ಸ್ ವಂಶದವರನ್ನು ಸದಸ್ಯರಾಗಿ ಸೇರಿಸಿಕೊಳ್ಳಬೇಕೇ ಅಂತ 2002ರಲ್ಲಿ ಅಲ್ಲಿ ಮತಕ್ಕೆ ಹಾಕಿದರು. ದೊಡ್ಡ ಬಹುಮತದಿಂದ ಬೇಡ ಅಂದರು.