ಮೀನು ಖಾಲಿ ಆಗಿದ್ದು ಕಡಲಿಂದನಾ, ಬಲೆಯಿಂದನಾ? ಘಾನಾ ಕರಾವಳಿಯ ಐವತ್ತು ವರ್ಷದ ಜಗಳ

ಆಫ್ರಿಕಾ ಮ್ಯಾಪ್ ತೆಗೆದು ಪಶ್ಚಿಮದ ಆ ಉಬ್ಬಿದ ಭಾಗದ ಹೊಟ್ಟೆ ಕೆಳಗೆ ನೋಡಿ, ಒಂದು ಕರಾವಳಿ ಅಡ್ಡಡ್ಡ ಮಲಗಿದೆ. ಐವರಿ ಕೋಸ್ಟ್, ಘಾನಾ, ಟೋಗೊ, ಬೆನಿನ್. ಸಮಭಾಜಕ ವೃತ್ತದಿಂದ ಬರೀ ಐದಾರು ಡಿಗ್ರಿ ಮೇಲೆ, ಅಂದ್ರೆ ಕಡಲ ನೀರು ವರ್ಷಪೂರ್ತಿ ಬೆಚ್ಚಗೇ ಇರ್ಬೇಕು, 27-28 ಡಿಗ್ರಿ ಸೆಲ್ಸಿಯಸ್. ಹೆಚ್ಚು ಕಾಲ ಇರತ್ತೆ ಕೂಡ. ಆದ್ರೆ ಜುಲೈ ಬಂತು ಅಂದ್ರೆ ನೀರು ತಣ್ಣಗಾಗೋಕೆ ಶುರು, 25ಕ್ಕಿಂತ ಕೆಳಗೆ ಇಳಿದು ಸೆಪ್ಟೆಂಬರ್ ತನಕ ಹಾಗೇ ಇರತ್ತೆ, ಆಮೇಲೆ ಜನವರಿ-ಫೆಬ್ರವರಿ ಹೊತ್ತಿಗೆ ಇನ್ನೊಂದು ಸಲ, ಅದು ಚಿಕ್ಕದು, ಕೆಲವೇ ವಾರದ ಆಟ. ನೀರು ತಣ್ಣಗಾದ್ರೆ ಮೀನು ಬರತ್ತೆ, ಇದು ಅಲ್ಲಿನ ಬೆಸ್ತರಿಗೆ ಯಾವ ವಿಜ್ಞಾನಿನೂ ಹೇಳ್ಕೊಡಬೇಕಿಲ್ಲ. ಎಲ್ಮಿನಾ ಊರಲ್ಲಿ ಮೀನುಗಾರಿಕೆ ಸೀಸನ್ ಶುರು ಮಾಡೋ ಬಕಾಟುಯೆ ಹಬ್ಬ ನಡೆಯೋದೇ ಜುಲೈ ತಿಂಗಳ ಮೊದಲ ಮಂಗಳವಾರ. ಘಾನಾ ಕರಾವಳಿಯ ಬಹಳಷ್ಟು ಊರುಗಳಲ್ಲಿ ಮಂಗಳವಾರ ಕಡಲಿಗೆ ಇಳಿಯೋ ಹಾಗಿಲ್ಲ, ಅದು ಸಮುದ್ರದೇವರ ದಿನ, ಹಾಗಾಗಿ ಹಬ್ಬಕ್ಕೂ ಅದೇ ದಿನ.

ಬರೋ ಮೀನು ಸಾರ್ಡಿನೆಲ್ಲಾ. ನಮ್ಮ ಮಂಗಳೂರು ಕಡೆ ಬೂತಾಯಿ ಅಂತೀವಲ್ಲ, ಅದರ ಹತ್ತಿರದ ಸಂಬಂಧಿ, ಒಂದೇ ಕುಲ, ಜಾತಿ ಬೇರೆ. ಘಾನಾ ಮಾರ್ಕೆಟಲ್ಲಿ ಇಂಗ್ಲಿಷ್ ಮಾತಾಡೋರು ಇದನ್ನ ಸುಮ್ನೆ ಹೆರಿಂಗ್ ಅಂದ್ಬಿಡ್ತಾರೆ. ಬಡವರ ಮೀನು, ಹೊಗೆಯಲ್ಲಿ ಒಣಗಿಸಿದ್ರೆ ಒಳನಾಡಿನ ಕುಮಾಸಿ ದಾಟಿ ಹೋಗತ್ತೆ, ಈ ಹೊಗೆ ಹಾಕೋ ಕೆಲಸ, ಮಾರೋ ಕೆಲಸ ಎಲ್ಲ ಹೆಂಗಸರ ಕೈಯಲ್ಲಿ.

ಸರಿ, ಈಗ ವಿಷಯಕ್ಕೆ. ತಣ್ಣೀರು ಎಲ್ಲಿಂದ ಬರತ್ತೆ? ಕೆಳಗಿಂದ. ಸಮುದ್ರದ ಆಳದಲ್ಲಿ ನೀರು ತಣ್ಣಗಿರತ್ತೆ, ಅದರಲ್ಲಿ ನೈಟ್ರೇಟ್, ಫಾಸ್ಫೇಟ್ ಅಂತ ಗೊಬ್ಬರ ತುಂಬಿರತ್ತೆ, ಮೇಲಿನ ಬೆಚ್ಚನೆ ನೀರು ಮುಚ್ಚಳದ ತರ ಕೂತಿರೋದ್ರಿಂದ ಅದು ಮೇಲೆ ಬರೋಕಾಗಲ್ಲ. ದಡದ ಉದ್ದಕ್ಕೂ ಗಾಳಿ ಸರಿಯಾದ ದಿಕ್ಕಲ್ಲಿ ಬೀಸಿದ್ರೆ, ಭೂಮಿ ತಿರುಗೋ ಕಾರಣಕ್ಕೆ ಮೇಲಿನ ನೀರು ದಡ ಬಿಟ್ಟು ಆಚೆ ಸರಿಯತ್ತೆ, ಆ ಜಾಗ ತುಂಬೋಕೆ ಕೆಳಗಿನ ನೀರು ಎದ್ದು ಬರತ್ತೆ. ಇದಕ್ಕೆ ಅಪ್‌ವೆಲ್ಲಿಂಗ್ ಅಂತಾರೆ. ಬಿಸಿಲು ಪ್ಲಸ್ ಗೊಬ್ಬರ, ಪಾಚಿ ಬೆಳೆಯತ್ತೆ, ಪಾಚಿ ತಿನ್ನೋ ಸಣ್ಣ ಜೀವಿ ಬೆಳೆಯತ್ತೆ, ಅದನ್ನ ತಿನ್ನೋಕೆ ಸಾರ್ಡಿನೆಲ್ಲಾ. ಉತ್ತರಕ್ಕೆ ಸೆನೆಗಲ್, ಮಾರಿಟೇನಿಯಾ ಕಡೆ ಹೋದ್ರೆ ಲೆಕ್ಕ ನೀಟಾಗಿ ಕೂಡತ್ತೆ: ಈಶಾನ್ಯದ ವಾಣಿಜ್ಯ ಮಾರುತ ಬೀಸ್ತು, ನೀರು ತಣ್ಣಗಾಯ್ತು, ಮುಗೀತು.

ಘಾನಾದಲ್ಲಿ ಮಾತ್ರ ಕೂಡಲ್ಲ! ಅಲ್ಲಿ ಬೀಸೋದು ನೈಋತ್ಯ ಗಾಳಿ, ದಿಕ್ಕೇನೋ ಸರಿ ಇದೆ, ಆದ್ರೆ ಗಾಳಿ ಬಹಳ ಮೆತ್ತಗೆ, ಜುಲೈನಲ್ಲಿ ನೀರು ಅಷ್ಟು ತಣ್ಣಗಾಗೋವಷ್ಟು ಏನೂ ಜೋರಾಗಲ್ಲ. 1970ರ ದಶಕದಲ್ಲಿ ಇದು ಸಮುದ್ರ ವಿಜ್ಞಾನಿಗಳಿಗೆ ದೊಡ್ಡ ತಲೆನೋವಾಗಿತ್ತು. ಆಗ ಬಂದ ಒಂದು ಐಡಿಯಾ ನಂಗೆ ಇವತ್ತಿಗೂ ಮಜಾ ಅನ್ಸತ್ತೆ, ಗಾಳಿ ಬೀಸೋದು ಬ್ರೆಜಿಲ್ ಕಡೆ, ತಣ್ಣಗಾಗೋದು ಘಾನಾ ಅಂತ. ಅಟ್ಲಾಂಟಿಕ್‌ನ ಪಶ್ಚಿಮ ತುದಿಯಲ್ಲಿ ಗಾಳಿ ಜೋರಾದಾಗ ನೀರೊಳಗೆ ಒಂದು ಅಲೆ ಹುಟ್ಟತ್ತೆ, ಮೇಲ್ಗಡೆ ಕಣ್ಣಿಗೆ ಕಾಣೋ ಅಲೆ ಅಲ್ಲ ಅದು, ಬೆಚ್ಚನೆ ಪದರಕ್ಕೂ ತಣ್ಣನೆ ಪದರಕ್ಕೂ ನಡುವಿನ ಗಡಿಯಲ್ಲಿ ಹೋಗೋದು, ಕೆಲ್ವಿನ್ ಅಲೆ ಅಂತ ಹೆಸರು. ಸಮಭಾಜಕ ವೃತ್ತ ಹಿಡ್ಕೊಂಡು ಪೂರ್ವಕ್ಕೆ ಹೊರಟು ಆಫ್ರಿಕಾಗೆ ಢಿಕ್ಕಿ ಹೊಡೆದು ಎರಡಾಗಿ ಒಡೆದು, ಒಂದು ಭಾಗ ದಡ ಸವರಿಕೊಂಡು ಘಾನಾ ಕಡೆ ತಿರುಗತ್ತೆ, ಹೋಗೋ ದಾರಿಯಲ್ಲಿ ತಣ್ಣನೆ ಪದರನ ಮೇಲಕ್ಕೆ ಎತ್ಕೊಂಡು ಹೋಗತ್ತೆ. ಆಮೇಲೆ ಬಂದ ಕಂಪ್ಯೂಟರ್ ಮಾಡೆಲ್‌ಗಳು ಇದೊಂದೇ ಸಾಲಲ್ಲ ಅಂದ್ವು, ಲೈಬೀರಿಯಾ-ಐವರಿ ಕೋಸ್ಟ್ ಗಡಿಯ ಕೇಪ್ ಪಾಮಸ್ ಭೂಶಿರದ ಹತ್ರ, ಪೂರ್ವಕ್ಕೆ ಓಡೋ ಗಿನಿ ಪ್ರವಾಹ ಆ ಭೂಶಿರ ದಾಟಿದ್ಮೇಲೆ ದಡ ಬಿಟ್ಟು ಹೋಗೋದು ಕಾರಣ, ಘಾನಾದ ಕೇಪ್ ತ್ರೀ ಪಾಯಿಂಟ್ಸ್ ಆಚೆ ಆ ಮೆತ್ತನೆ ಲೋಕಲ್ ಗಾಳಿಗೂ ಪಾಲಿದೆ ಅಂತ. ಒಟ್ನಲ್ಲಿ ಪೂರ್ತಿ ತೀರ್ಮಾನ ಆಗಿಲ್ಲ. ಈ ತಣ್ಣನೆ ನೀರಿನ ಪ್ರಭಾವ ನೆಲದ ಮೇಲೂ ಕಾಣತ್ತೆ, ನೀರು ತಣ್ಣಗಿರೋ ಕಡೆ ಮಳೆ ಕಮ್ಮಿ, ಪಶ್ಚಿಮದ ಆಕ್ಸಿಮ್ ಊರಲ್ಲಿ ವರ್ಷಕ್ಕೆ 2000 ಮಿ.ಮೀ. ಹತ್ರ ಮಳೆ, ಅದೇ ಕರಾವಳಿಯ ಅಕ್ರಾದಲ್ಲಿ 800 ಮಿ.ಮೀ. ಆಸುಪಾಸು.

ಇದನ್ನೆಲ್ಲ ಅಳೆದೋರು ಯಾರು? ಫ್ರೆಂಚರು 1958ರಲ್ಲಿ ಆಬಿಜಾನ್‌ನಲ್ಲಿ ಓಶನೋಗ್ರಫಿ ಸೆಂಟರ್ ಶುರು ಮಾಡಿದ್ರು, ಡಕಾರ್ ಹತ್ರ ತಿಯಾರೋಯೆಯಲ್ಲಿ ಇನ್ನೊಂದು ಸಂಶೋಧನಾ ಕೇಂದ್ರ ಬಂತು. 1957ರಲ್ಲಿ ಸ್ವತಂತ್ರ ಆದ ಘಾನಾ, ಟೇಮಾದಲ್ಲಿ ಹೊಸ ಬಂದರು ಕಟ್ಕೊಂಡು ಅಲ್ಲೇ ಮೀನುಗಾರಿಕೆ ಸಂಶೋಧನಾ ವಿಭಾಗ ಇಟ್ಕೊಂಡ್ತು. 1963-64ರಲ್ಲಿ ಗಿನಿಯನ್ ಟ್ರಾಲಿಂಗ್ ಸರ್ವೇ ಅಂತ ಸೆನೆಗಲ್‌ನಿಂದ ಕಾಂಗೋ ತನಕ ತಳದ ಮೀನಿನ ಲೆಕ್ಕ ತೆಗೆದ್ರು. ದೊಡ್ಡ ಹಡಗಿನ ಸರ್ವೇಗೆ ಫೋಟೊ ಬರತ್ತೆ, ಹೆಸರು ಬರತ್ತೆ. ನನ್ ಪ್ರಕಾರ ಅದಕ್ಕಿಂತ ಬೆಲೆಬಾಳೋದು ದಡದ ಸ್ಟೇಷನ್‌ಗಳಲ್ಲಿ ಯಾರೋ ಒಬ್ರು ದಿನಾ ಹೋಗಿ ನೀರಿಗೆ ಥರ್ಮಾಮೀಟರ್ ಅದ್ದಿ ಪುಸ್ತಕದಲ್ಲಿ ಬರೆದಿಟ್ಟ ನಂಬರು, ಯಾಕಂದ್ರೆ ಮುಂದೆ ಜಗಳ ಶುರುವಾದಾಗ ಕೈಗೆ ಸಿಕ್ಕ ಸಾಕ್ಷಿ ಅದೇ.

ಜಗಳ ಶುರುವಾಗಿದ್ದು 1972ರಲ್ಲಿ. ಆ ವರ್ಷ ಘಾನಾ, ಐವರಿ ಕೋಸ್ಟ್ ಸೇರಿ ದುಂಡು ಸಾರ್ಡಿನೆಲ್ಲಾ ಬಿದ್ದಿದ್ದು 90 ಸಾವಿರ ಟನ್‌ಗಿಂತ ಜಾಸ್ತಿ, ಅಲ್ಲಿ ತನಕ ಕಂಡಿರದ ಸುಗ್ಗಿ. ಮುಂದಿನ ವರ್ಷ ಧೊಪ್ಪಂತ ಬಿತ್ತು, ಆಮೇಲೂ ವರ್ಷಗಟ್ಟಲೆ ಏಳಲಿಲ್ಲ. ಒಂದು ಗುಂಪು ಹೇಳ್ತು, ಸಮುದ್ರದ ಸ್ಥಿತಿ ಆ ವರ್ಷ ಅಡ್ಡಾದಿಡ್ಡಿ ಆಗಿತ್ತು, ಇದು ಪ್ರಕೃತಿ ಕೆಲಸ ಅಂತ. ಇನ್ನೊಂದು ಗುಂಪು, ಔಟ್‌ಬೋರ್ಡ್ ಇಂಜಿನ್ ಬಂತು, ನೈಲಾನ್ ಬಲೆ ಬಂತು, ಹಿಂಡನ್ನೇ ಸುತ್ತುವರಿಯೋ ಪರ್ಸೀನ್ ಬಲೆ ಬಂತು, ಬಾಚಿ ಖಾಲಿ ಮಾಡಿದ್ರು ಅಂತ. ಎರಡನ್ನೂ ಸೇರಿಸೋ ವಿವರಣೆನೂ ಇದೆ, ಕಡಲು ಬದಲಾದಾಗ ಮೀನು ದಡದ ಹತ್ರ ಒತ್ತೊತ್ತಾಗಿ ಸೇರ್ತು, ಹಾಗೆ ಸೇರಿದ್ದನ್ನ ಬಲೆಗಳು ಬಾಚಿದ್ವು. ನಂಗೆ ಇದೇ ಸರಿ ಅನ್ಸತ್ತೆ. ಆದ್ರೆ ಇಂಥ ಉತ್ತರ ಯಾರಿಗೂ ಬೇಕಿರಲ್ಲ, ಸರ್ಕಾರಕ್ಕೆ ಕಡಲು ತಪ್ಪು ಮಾಡಿದ್ರೆ ಸಲೀಸು.

ಬೂತಾಯಿ ಸಂಬಂಧಿ ಹೋದ ಜಾಗದಲ್ಲಿ ಬಂದು ಕೂತಿದ್ದು ಯಾರು ಗೊತ್ತಾ, ಟ್ರಿಗರ್ ಫಿಶ್! ದಪ್ಪ ಚರ್ಮ, ಬೆನ್ನ ಮೇಲೆ ಮುಳ್ಳು, ಮಲ್ಪೆ ಕಡೆಯೋರಿಗೆ ಇದರ ಬೇರೆ ಜಾತಿಯೊಂದು ಕಾರ್ಗಿಲ್ ಮೀನು ಅಂತ ಪರಿಚಯ ಇರತ್ತೆ, ಬಲೆ ತುಂಬಾ ಬಂದು ತಲೆ ತಿನ್ನೋದು. 1970ರ ದಶಕದಲ್ಲಿ ಗಿನಿ ಕೊಲ್ಲಿಯಲ್ಲಿ ಅದು ಎಲ್ಲೆಲ್ಲೂ ಹಬ್ಬಿಬಿಡ್ತು. 1980ರ ದಶಕದ ಶುರುವಲ್ಲಿ ನಾರ್ವೆಯ ಸಂಶೋಧನಾ ಹಡಗು ಡಾ. ಫ್ರಿಡ್ಟ್‌ಯೋಫ್ ನಾನ್ಸೆನ್ ಅಲ್ಲಿಗೆ ಬಂದು ಎಕೋ ಸೌಂಡರ್ ಹಾಕಿ ನೋಡಿದ್ರೆ ಪರದೆ ತುಂಬಾ ಅದೇ. ಎಕೋ ಸೌಂಡರ್ ಅಂದ್ರೆ ಹಡಗಿಂದ ಕೆಳಕ್ಕೆ ಸದ್ದು ಕಳಿಸಿ, ಮೀನಿನ ಹಿಂಡಿಗೆ ಬಡಿದು ವಾಪಸ್ ಬರೋ ಪ್ರತಿಧ್ವನಿಯಿಂದ ಎಷ್ಟು ಟನ್ ಇರಬಹುದು ಅಂತ ಲೆಕ್ಕ ಹಾಕೋದು. ಅಂದ ಹಾಗೆ ಆ ಹಡಗು 1975ರಲ್ಲಿ ಕೆಲಸ ಶುರು ಮಾಡಿದ್ದು ನಮ್ಮ ಅರಬ್ಬಿ ಸಮುದ್ರದಲ್ಲೇ.

ಆಮೇಲೆ ಇನ್ನೂ ವಿಚಿತ್ರ. 80ರ ದಶಕದ ಕೊನೆಗೆ ಟ್ರಿಗರ್ ಫಿಶ್ ಬಂದ ಹಾಗೇ ಮಾಯ, ಅಷ್ಟರಲ್ಲಾಗ್ಲೇ ಸಾರ್ಡಿನೆಲ್ಲಾ ವಾಪಸ್ ಬಂದಾಗಿತ್ತು, ಮೊದಲಿಗಿಂತ ಜಾಸ್ತಿ, ಮೊದಲು ಅಷ್ಟಾಗಿ ಸಿಗದ ಐವರಿ ಕೋಸ್ಟ್ ದಡದಲ್ಲೂ. ಟೇಮಾದ ಮೀನುಗಾರಿಕೆ ವಿಜ್ಞಾನಿ ಕ್ವಾಮೆ ಕೊರಾಂಟೆಂಗ್, ಜೊತೆಗೆ ಫ್ರೆಂಚ್ ವಿಜ್ಞಾನಿಗಳು ಹಳೇ ಥರ್ಮಾಮೀಟರ್ ದಾಖಲೆ ಕೆದಕಿ ನೋಡಿದಾಗ ಜನವರಿ-ಫೆಬ್ರವರಿಯ ಆ ಚಿಕ್ಕ ಅಪ್‌ವೆಲ್ಲಿಂಗ್ ಜೋರಾಗಿರೋದು ಕಾಣಿಸ್ತು, ಮರಿಗಳಿಗೆ ವರ್ಷದಲ್ಲಿ ಎರಡನೇ ಊಟ ಸಿಕ್ಕ ಹಾಗೆ. 1989ರಲ್ಲಿ ಫಿಲಿಪ್ ಕ್ಯೂರಿ, ಕ್ಲೋಡ್ ರುವಾ ಅನ್ನೋರು ಸೆನೆಗಲ್ ಮತ್ತಿತರ ಅಪ್‌ವೆಲ್ಲಿಂಗ್ ಕಡಲುಗಳ ಲೆಕ್ಕ ಇಟ್ಕೊಂಡು ಇನ್ನೊಂದು ಮಾತು ಹೇಳಿದ್ರು, ಗಾಳಿ ಕಡಿಮೆಯಾದ್ರೆ ಮರಿಗೆ ಊಟ ಇಲ್ಲ, ಜಾಸ್ತಿಯಾದ್ರೆ ಮರಿನೇ ನಡುಗಡಲಿಗೆ ಕೊಚ್ಕೊಂಡು ಹೋಗತ್ತೆ, ಸೆಕೆಂಡಿಗೆ 5-6 ಮೀಟರ್ ವೇಗದ ಗಾಳಿ ಇದ್ರೆ ಬೆಸ್ಟ್ ಅಂತ.

ವಿಜ್ಞಾನ ಚೆನ್ನಾಗಿದೆ, ಆದ್ರೆ ಈ ವಾಪಸ್ ಬಂದಿದ್ದೇ ಒಂದು ತರ ಶಾಪ ಆಯ್ತು ಅನ್ಸತ್ತೆ ನಂಗೆ. ಒಂದ್ಸಲ ಹೋಗಿ ಬಂದಿದ್ದು ಇನ್ನೊಂದ್ಸಲನೂ ಬರತ್ತೆ ಬಿಡು ಅನ್ನೋ ಧೈರ್ಯ. ದೋಣಿಗಳು ಹೆಚ್ಚಾಗ್ತಾ ಹೋದ್ವು, 2016ರ ಗಣತಿಯಲ್ಲಿ ಘಾನಾ ಕರಾವಳಿಯಲ್ಲಿ 11 ಸಾವಿರಕ್ಕೂ ಜಾಸ್ತಿ ದೋಣಿ. ರಾತ್ರಿ ಜನರೇಟರ್ ಇಟ್ಟು ಬಲ್ಬ್ ಉರಿಸಿ ಮೀನು ಸೇರಿಸೋ ಲೈಟ್ ಫಿಶಿಂಗ್ ಶುರುವಾಯ್ತು, 2010ರ ನಿಯಮದಲ್ಲಿ ಬ್ಯಾನ್ ಮಾಡಿದ್ರು, ನಿಂತಿಲ್ಲ. ನಮ್ಮಲ್ಲೂ 2017ರಲ್ಲಿ ಕೇಂದ್ರ ಸರ್ಕಾರ ಬ್ಯಾನ್ ಮಾಡ್ತು, ನಿಂತಿದ್ಯಾ ಅಂತ ಮಲ್ಪೆಯ ನಾಡದೋಣಿಯೋರನ್ನ ಕೇಳಿ.

ಅದಕ್ಕಿಂತ ದೊಡ್ಡ ಕಥೆ ಸೈಕೊ. ನಮ್ಮಲ್ಲಿ ಸೈಕೊ ಅಂದ್ರೆ ಬೇರೆ, ಅಲ್ಲಿ ಅದು ಕಡಲ ಮಧ್ಯದ ಮೀನು ವ್ಯಾಪಾರದ ಹೆಸರು. ಮೊದಮೊದಲು ಪಾಪದ್ದೇ, ದೊಡ್ಡ ಬಲೆ ಎಳ್ಕೊಂಡು ಹೋಗೋ ಹಡಗು, ಅಂದ್ರೆ ಟ್ರಾಲರ್‌ನೋರು ತಮಗೆ ಬೇಡದ ಸಣ್ಣ ಮೀನು ಕೊಡೋದು, ದೋಣಿಯೋರು ಹಣ್ಣು, ಕುರಿ-ಕೋಳಿ ಕೊಡೋದು. ಬರ್ತಾ ಬರ್ತಾ ಆ ಬೇಡದ ಮೀನಿಗೇ ಟ್ರಾಲರ್‌ಗಳು ಬಲೆ ಹಾಕೋಕೆ ಶುರು ಮಾಡಿದ್ವು, ತಳದ ಮೀನಿಗೆ ಲೈಸೆನ್ಸ್ ತಗೊಂಡು ಸಾರ್ಡಿನೆಲ್ಲಾ ಮರಿ ಸಮೇತ ಬಾಚಿ, ಹೆಪ್ಪುಗಟ್ಟಿಸಿ ಇಟ್ಟಿಗೆ ತರ ಮಾಡಿ, ಕಡಲಲ್ಲೇ ದೊಡ್ಡ ದೋಣಿಗೆ ಇಳಿಸಿ, ಅದು ಎಲ್ಮಿನಾಗೆ ಬಂದು ಬೆಸ್ತರ ಮೀನನ್ನೇ ಬೆಸ್ತರಿಗೆ ಮಾರೋದು. ಎನ್ವಿರಾನ್ಮೆಂಟಲ್ ಜಸ್ಟೀಸ್ ಫೌಂಡೇಶನ್, ಘಾನಾದ ಹೆನ್ ಎಂಪೋಆನೊ ಸಂಸ್ಥೆಗಳ ಅಂದಾಜು ಪ್ರಕಾರ 2017ರಲ್ಲಿ ಹೀಗೆ ಬಂದಿದ್ದು ಸುಮಾರು 1 ಲಕ್ಷ ಟನ್. ಘಾನಾ ಕಾನೂನು ಪ್ರಕಾರ ಟ್ರಾಲರ್ ವಿದೇಶಿಯರದ್ದಾಗಿರೋ ಹಾಗಿಲ್ಲ, ಕಾಗದದಲ್ಲಿ ಎಲ್ಲ ಘಾನಾ ಕಂಪನಿಗಳೇ, ಆದ್ರೆ 90 ಪರ್ಸೆಂಟ್ ಹಡಗುಗಳ ಹಿಂದಿರೋದು ಚೀನಾ ದುಡ್ಡು ಅಂತ ಅದೇ ಫೌಂಡೇಶನ್ ಲೆಕ್ಕ. ಯುರೋಪಿಯನ್ ಯೂನಿಯನ್ 2013ರಲ್ಲಿ ಒಂದು ಹಳದಿ ಕಾರ್ಡ್ ತೋರಿಸ್ತು, ಅಂದ್ರೆ ಕಳ್ಳ ಮೀನುಗಾರಿಕೆ ತಡೀರಿ ಅನ್ನೋ ಎಚ್ಚರಿಕೆ, 2015ರಲ್ಲಿ ತೆಗೀತು, 2021ರಲ್ಲಿ ಮತ್ತೆ ತೋರಿಸ್ತು. ಸಾರ್ಡಿನೆಲ್ಲಾ ಲೆಕ್ಕ ನೋಡಿ: 1996ರಲ್ಲಿ ಸುಮಾರು 1.39 ಲಕ್ಷ ಟನ್, 2016ರಲ್ಲಿ 20 ಸಾವಿರಕ್ಕಿಂತ ಕಡಿಮೆ.

ಈ ಸಲ ಕಡಲು ಬೆಚ್ಚಗಾಗ್ತಿರೋದೂ ನಿಜ, ಹಾಗಾಗಿ ಹಳೇ ವಾದ ಮತ್ತೆ ಬಂದಿದೆ, ಕ್ಲೈಮೇಟ್ ಕಾರಣ ಅಂತ. ಆದ್ರೆ 1973ಕ್ಕೂ ಈಗಕ್ಕೂ ಒಂದು ವ್ಯತ್ಯಾಸ ಇದೆ, ಆಗ ಬಿದ್ದಿದ್ದು ಒಂದೇ ವರ್ಷದಲ್ಲಿ, ಈಗ ಇಪ್ಪತ್ತು ವರ್ಷ ಇಳಿಜಾರು, ಅದೂ ದೋಣಿ-ಟ್ರಾಲರ್ ಎರಡರ ಕಾಟವೂ ಜೋರಾಗಿರೋ ಹೊತ್ತಲ್ಲೇ. ಸೆನೆಗಲ್, ಮಾರಿಟೇನಿಯಾ, ಗ್ಯಾಂಬಿಯಾ ಕಡೆ ಕಥೆ ಬೇರೆ ರೂಪದಲ್ಲಿದೆ, ಅಲ್ಲಿ ಸಾರ್ಡಿನೆಲ್ಲಾ ಹೋಗ್ತಿರೋದು ಫಿಶ್‌ಮೀಲ್ ಫ್ಯಾಕ್ಟರಿಗೆ, ನಾಲ್ಕೈದು ಕೆಜಿ ಹಸಿ ಮೀನು ಅರೆದ್ರೆ ಒಂದು ಕೆಜಿ ಪುಡಿ, ಆ ಪುಡಿ ತಿನ್ನೋದು ಬೇರೆ ದೇಶದ ಸಾಕು ಮೀನು. ಅಲ್ಲಿ ಗಾಳಿ ತನ್ನ ಕೆಲಸ ತಾನು ಮಾಡ್ತಾನೇ ಇದೆ.

ಘಾನಾದಲ್ಲಿ 2018ರಲ್ಲಿ ದೋಣಿಗಳಿಗೆ ಒಂದು ತಿಂಗಳ ರಜೆ ಅಂದಾಗ ಬೆಸ್ತರು ಗಲಾಟೆ ಮಾಡಿ ನಿಲ್ಲಿಸಿದ್ರು, 2019ರಲ್ಲಿ ಮೇ 15ರಿಂದ ಜೂನ್ 15ರ ತನಕ ಮೊದಲ ಸಲ ಜಾರಿ ಆಯ್ತು. ಮೀನು ಹಿಡಿದಿದ್ದು ಟ್ರಾಲರ್, ಮನೇಲಿ ಕೂರೋದು ನಾವಾ ಅನ್ನೋದು ಅವರ ಪ್ರಶ್ನೆ. 2025ರ ಹೊಸ ಕಾಯ್ದೆಯಲ್ಲಿ ದೋಣಿಗಳಿಗೆ ಅಂತ ಮೀಸಲಿಟ್ಟ ಕಡಲು 6 ನಾಟಿಕಲ್ ಮೈಲಿಂದ 12ಕ್ಕೆ ಏರಿದೆ. ಇದು ಕೆಲಸ ಮಾಡತ್ತಾ ಇಲ್ವಾ ಅಂತ ನೋಡೋಕೆ ಗಸ್ತು ಬೋಟ್ ಬೇಕು, ಮೀನು ಎಣಿಸೋ ಹಡಗು ಬೇಕು, ನಾನ್ಸೆನ್ ಹೆಸರಿನ ಮೂರನೇ ಹಡಗು 2017ರಿಂದ ಓಡಾಡ್ತಿದೆ, ಆದ್ರೆ ಅದು ಆಫ್ರಿಕಾದ ಎಷ್ಟೋ ದೇಶಗಳ ನಡುವೆ ಹಂಚಿಕೆ ಆಗಿರೋದು, ಬೇಕಂದಾಗ ಬರಲ್ಲ. ಅಲ್ಲಿವರೆಗೂ ಟೇಮಾದಲ್ಲಿ ಹೊಗೆ ಒಲೆ ಇಟ್ಟಿರೋ ಹೆಂಗಸರು ಕೋಲ್ಡ್ ಸ್ಟೋರ್‌ನಿಂದ ಫಾರಿನ್ ಮೀನಿನ ಪೆಟ್ಟಿಗೆ ತರಿಸ್ಕೋತಾರೆ, ದೇಶ ತಿನ್ನೋ ಮೀನಲ್ಲಿ ಅರ್ಧಕ್ಕಿಂತ ಜಾಸ್ತಿ ಈಗ ಹೊರಗಿಂದಾನೇ ಬರೋದು.