ಮುಖ ಆಡದ ಪಾತ್ರಗಳು ಮನಸ್ಸಲ್ಲಿ ಉಳಿಯುವುದು ಹೇಗೆ?

ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ಪುಟ್ಟ ವೃತ್ತ. ಜೊತೆಗೆ ಬಾಗಿಲಿರುವ ಒಂದು ಚೌಕಟ್ಟು. ಇಷ್ಟನ್ನೇ ಇಟ್ಟುಕೊಂಡು ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಪುಟ್ಟದೊಂದು ಅನಿಮೇಷನ್ ಚಿತ್ರ ಮಾಡಿದರು. ಆಕಾರಗಳು ಓಡಾಡುತ್ತವೆ, ಡಿಕ್ಕಿ ಹೊಡೆಯುತ್ತವೆ, ಬಾಗಿಲಿನಿಂದ ಒಳಗೆ ಹೊರಗೆ ಹೋಗಿ ಬರುತ್ತವೆ. ಮಾತಿಲ್ಲ, ಮುಖವಿಲ್ಲ. ಚಿತ್ರ ನೋಡಿದ 34 ವಿದ್ಯಾರ್ಥಿನಿಯರಿಗೆ ಏನಾಯಿತೆಂದು ಬರೆಯಲು ಹೇಳಿದರು. ಬರೀ ಆಕಾರಗಳ ಚಲನೆ ಎಂದು ಬರೆದವಳು ಒಬ್ಬಳೇ! ಉಳಿದವರಿಗೆಲ್ಲ ಅಲ್ಲಿ ಕಂಡದ್ದು ಜೀವ ಇರುವವರು. ದೊಡ್ಡ ತ್ರಿಕೋನ ಜಗಳಗಂಟ, ಪುಟ್ಟ ವೃತ್ತ ಹೆದರಿಕೊಂಡಿದೆ, ಸಣ್ಣ ತ್ರಿಕೋನ ಅದರ ನೆರವಿಗೆ ಬಂದಿದೆ.

1944ರಲ್ಲಿ ಪ್ರಕಟವಾದ ಈ ಪ್ರಯೋಗ ನನಗೆ ತುಂಬಾ ಇಷ್ಟ. ಪಾತ್ರದ ಅರ್ಧ ಜೀವ ತೆರೆಯ ಮೇಲಿದ್ದರೆ ಇನ್ನರ್ಧ ನೋಡುವವರ ತಲೆಯೊಳಗೆ ಇರುತ್ತದೆ ಎನ್ನುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಏನಾದರೂ ತಾನಾಗಿ ಚಲಿಸಿದರೆ ಸಾಕು, ಅದಕ್ಕೆ ಏನು ಬೇಕು, ಏನು ಭಯ ಎಂದು ಮಿದುಳು ಊಹಿಸತೊಡಗುತ್ತದೆ. ನಾವು ಬೇಡ ಅಂದರೂ ಅದು ಸುಮ್ನೆ ಇರುವುದಿಲ್ಲ.

2008ರ 'ವಾಲ್-ಇ' ಚಿತ್ರದ ರೋಬಾಟ್ ನೋಡಿ. ಮೂಗಿಲ್ಲ, ಬಾಯಿಲ್ಲ, ಹುಬ್ಬಿಲ್ಲ. ಇರುವುದು ಬೈನಾಕ್ಯುಲರ್‌ನಂಥ ಎರಡು ಕಣ್ಣು. ಅವುಗಳ ಹೊರ ಅಂಚು ಕೊಂಚ ಕೆಳಗೆ ವಾಲಿದರೆ ನಮಗೆ ದುಃಖ ಕಾಣುತ್ತದೆ. ಕತ್ತು ಚೂರು ಓರೆಯಾದರೆ ಕುತೂಹಲ. ಲೋಹದ ಡಬ್ಬಿಯೊಂದು ಇನ್ನೊಂದು ರೋಬಾಟ್‌ನ ಕೈ ಹಿಡಿಯಲು ಹಿಂಜರಿದಾಗ ನಮ್ಮ ಗಂಟಲು ಕಟ್ಟುತ್ತದೆ. ಆನಿಮೇಟರ್‌ಗಳು ತೋರಿಸಿದ್ದು ಒಂದಿಷ್ಟು ಚಲನೆ ಮಾತ್ರ. ನಾಚಿಕೆ, ಒಂಟಿತನ, ಆಸೆ ಎಲ್ಲವನ್ನೂ ಸೇರಿಸಿದ್ದು ನಾವೇ ಅಲ್ವಾ?

'ಸ್ಟಾರ್ ವಾರ್ಸ್' ಚಿತ್ರಗಳ ಖಳನಾಯಕ ಡಾರ್ತ್ ವೇಡರ್‌ಗಂತೂ ಮುಖವೇ ಮುಖವಾಡ, ಒಂದು ಗೆರೆಯೂ ಅಲುಗುವುದಿಲ್ಲ. 1977ರ ಮೊದಲ ಚಿತ್ರದಲ್ಲಿ ಮೈ ಡೇವಿಡ್ ಪ್ರೌಸ್ ಅವರದು, ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದು. ಅವನ ಉಸಿರಾಟದ ಸದ್ದನ್ನು ಧ್ವನಿ ವಿನ್ಯಾಸಕ ಬೆನ್ ಬರ್ಟ್ ನೀರಡಿ ಈಜುವವರ ಉಸಿರಾಟದ ಸಲಕರಣೆಯಿಂದ ರೆಕಾರ್ಡ್ ಮಾಡಿದರು. ಮೂರು ಕಡೆಯಿಂದ ಬಂದ ತುಣುಕುಗಳು, ಆದರೆ ನಮಗೆ ಕಾಣುವುದು ಒಬ್ಬನೇ ಮನುಷ್ಯ. ವಾಲ್-ಇಯ ದನಿಯನ್ನು ರೂಪಿಸಿದವರೂ ಇದೇ ಬರ್ಟ್.

ಹೀಗೆ ಕಟ್ಟಿಕೊಂಡ ಪಾತ್ರ ವಾರವಾರವೂ ಮನೆಗೆ ಬಂದರೆ ಪರಿಚಯ ಸಲಿಗೆಯಾಗುತ್ತದೆ. ಟಿವಿಯಲ್ಲಿ ಕಾಣುವವರ ಜೊತೆ ಬೆಳೆಯುವ ಈ ಒಮ್ಮುಖ ನಂಟಿನ ಬಗ್ಗೆ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು 1956ರಲ್ಲೇ ಬರೆದಿದ್ದರು. ಧಾರಾವಾಹಿ ಮುಗಿದಾಗ ಬೇಜಾರಾಗುವವರನ್ನು ನೋಡಿ ನಗುವವರಿದ್ದಾರೆ. ಅದು ನ್ಯಾಯವಲ್ಲ. 2004ರಲ್ಲಿ ಅಮೆರಿಕದ ಟಿವಿ ಧಾರಾವಾಹಿ 'ಫ್ರೆಂಡ್ಸ್' ಮುಗಿದಾಗ ಸಂಶೋಧಕರು ವೀಕ್ಷಕರ ನೋವನ್ನು ಅಳೆದು ನೋಡಿದರು. ನೆಚ್ಚಿನ ಪಾತ್ರದ ಜೊತೆ ನಂಟು ಎಷ್ಟು ಗಟ್ಟಿಯಾಗಿತ್ತೋ ಅಗಲಿಕೆಯ ನೋವೂ ಅಷ್ಟೇ ಜಾಸ್ತಿ ಇತ್ತು. ಒಂಟಿತನ ಹೆಚ್ಚಿದ್ದವರಿಗೆ ಅದು ಇನ್ನಷ್ಟು ತಟ್ಟಿತ್ತು.