ಓಚೆಸ್ತ್ವೊ: 'ಸರ್' ಇಲ್ಲದ ಊರಲ್ಲಿ ಅಪ್ಪನ ಹೆಸರು

ಮೆಡಿಕಲ್ ಓದಲು ರಷ್ಯಾಕ್ಕೆ ಹೋಗುವ ನಮ್ಮ ಹುಡುಗರು ಚಳಿಗೆ ಸಜ್ಜಾಗಿಯೇ ಹೊರಡುತ್ತಾರೆ. ಜಾಕೆಟ್ಟು, ಕುಕ್ಕರ್, ಉಪ್ಪಿನಕಾಯಿ ಎಲ್ಲ ಜೊತೆಗಿರುತ್ತದೆ. ತಡವರಿಸುವುದು ಇನ್ನೊಂದು ಕಡೆ. ಮೇಷ್ಟ್ರನ್ನು ಏನಂತ ಕರೆಯುವುದು? ಇಂಗ್ಲಿಷ್ ಮೀಡಿಯಂ ತರಗತಿಯಲ್ಲಿ 'ಸರ್' ಹೇಗೋ ನಡೆಯುತ್ತದೆ. ಆಸ್ಪತ್ರೆಯ ವಾರ್ಡಿಗೆ ಕಾಲಿಟ್ಟ ಮೇಲೆ ಕಷ್ಟ. ದಿನಬಳಕೆಯ ರಷ್ಯನ್ನಿನಲ್ಲಿ ಎಲ್ಲರಿಗೂ ಸಲ್ಲುವ 'ಸರ್, ಮೇಡಂ' ಇಲ್ಲ. 'ಗಸ್ಪದೀನ್' ಅಂತ ಒಂದಿದೆ, ಅದು ಪತ್ರಕ್ಕೆ, ಸಭೆಗೆ. ಮಾತಿನಲ್ಲಿ ಗೌರವದ ಕೆಲಸ ಮಾಡುವುದು ಓಚೆಸ್ತ್ವೊ, ಅಂದರೆ ತಂದೆಯ ಹೆಸರಿನಿಂದ ಕಟ್ಟಿದ ನಡುಹೆಸರು.

ಕಟ್ಟುವುದು ಸುಲಭ. ತಂದೆಯ ಹೆಸರಿಗೆ ಸಾಮಾನ್ಯವಾಗಿ ಗಂಡುಮಕ್ಕಳಾದರೆ 'ಒವಿಚ್' ಅಥವಾ 'ಎವಿಚ್', ಹೆಣ್ಣುಮಕ್ಕಳಾದರೆ 'ಒವ್ನಾ' ಅಥವಾ 'ಎವ್ನಾ' ಸೇರುತ್ತದೆ. ಗಗನಯಾತ್ರಿ ಗಗಾರಿನ್ ಅಲೆಕ್ಸೇಯ್ ಎಂಬುವರ ಮಗ, ಹಾಗಾಗಿ ಯೂರಿ ಅಲೆಕ್ಸೇಯೆವಿಚ್. ಮೊದಲ ಮಹಿಳಾ ಗಗನಯಾತ್ರಿ ತೆರೆಶ್ಕೋವಾ ವ್ಲಾದಿಮಿರ್ ಅವರ ಮಗಳು, ಆದ್ದರಿಂದ ವಾಲೆಂತಿನಾ ವ್ಲಾದಿಮಿರೊವ್ನಾ. ಬೆಂಗಳೂರಿನ ತಾತಗುಣಿ ಎಸ್ಟೇಟಿನಲ್ಲಿ ದೇವಿಕಾ ರಾಣಿಯವರೊಂದಿಗೆ ಬಾಳಿದ ಚಿತ್ರಕಾರ ರೋರಿಕ್ ಕೂಡ ರಷ್ಯನ್ ಲೆಕ್ಕದಲ್ಲಿ ಸ್ವೆತೊಸ್ಲಾವ್ ನಿಕೊಲಾಯೆವಿಚ್. ಮದುವೆಯಾಗಿ ಮನೆತನದ ಹೆಸರು ಬದಲಾದರೂ ಹೆಣ್ಣುಮಕ್ಕಳ ಓಚೆಸ್ತ್ವೊ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ.

ನಮಗೆ ಇರಿಸುಮುರಿಸಾಗುವುದು ಇಲ್ಲೇ. ನಮ್ಮ ಕಡೆ ಹಿರಿಯರನ್ನು ಹೆಸರು ಹಿಡಿದು ಕರೆದರೆ ಕೊಬ್ಬು ಅನ್ನುತ್ತಾರೆ. ಅವರಪ್ಪನ ಹೆಸರನ್ನೂ ಎತ್ತಿದರೆ ಜಗಳವೇ ಆಗಬಹುದು, ಅಲ್ವಾ? ಅಲ್ಲಿ ಎರಡನ್ನೂ ಒಟ್ಟಿಗೆ, ಮುಖಕ್ಕೆ ಮುಖ ಕೊಟ್ಟು ಹೇಳಬೇಕು. 'ಆನ್ನಾ ಸೆರ್ಗೇಯೆವ್ನಾ' ಅಂದರೆ ಸುಮಾರಾಗಿ ನಮ್ಮ 'ಮೇಡಂ'. ಬರೀ 'ಆನ್ನಾ' ಅಂದರೆ ಸಲುಗೆ ಜಾಸ್ತಿಯಾಯಿತು. 'ಆನ್ಯಾ' ಅನ್ನುವುದು ಮನೆಯವರು, ಗೆಳತಿಯರು. ಕಿರುಹೆಸರಿಗೆ ಓಚೆಸ್ತ್ವೊ ಅಂಟಿಸುವ ರೂಢಿ ಇಲ್ಲ. ಸಾಶಾ ಪೆತ್ರೊವಿಚ್ ಅಂತ ಯಾರನ್ನೂ ಕರೆಯುವುದಿಲ್ಲ, ಅಲೆಕ್ಸಾಂದರ್ ಪೆತ್ರೊವಿಚ್ ಅಂತಲೇ ಅನ್ನಬೇಕು. ಜೊತೆಗೆ ಬಹುವಚನದ 'ವಿ' ಬರುತ್ತದೆ. ಅದು ನಮ್ಮ 'ನೀವು' ಇದ್ದ ಹಾಗೇ, ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆಡುಮಾತಿನಲ್ಲಿ ಇಷ್ಟುದ್ದ ಯಾರು ಎಳೆಯುತ್ತಾರೆ? ಅಲೆಕ್ಸಾಂದರ್ ಅಲೆಕ್ಸಾಂದ್ರೊವಿಚ್ 'ಸಾನ್ ಸಾನಿಚ್' ಆಗುತ್ತಾರೆ, ಪಾವೆಲ್ ಪಾವ್ಲೊವಿಚ್ 'ಪಾಲ್ ಪಾಲಿಚ್'. ಮರೀಯಾ ಇವಾನೊವ್ನಾ ಒಂದೇ ಉಸಿರಿಗೆ 'ಮರಿವಾನ್ನಾ'. ಪುಸ್ತಕದಲ್ಲಿ ರಷ್ಯನ್ ಕಲಿತು ಹೋದವರು ಇದು ಯಾರಪ್ಪಾ ಹೊಸಬರು ಅಂತ ಹುಡುಕುತ್ತಾರೆ. ಹಳ್ಳಿಯಲ್ಲಿ, ಕಾರ್ಖಾನೆಯಲ್ಲಿ ವಯಸ್ಸಾದವರನ್ನು ಬರೀ 'ಪೆತ್ರೊವ್ನಾ', 'ಇವಾನಿಚ್' ಅನ್ನುವುದೂ ಇದೆ. ಅದರಲ್ಲಿ ಸಲುಗೆಯೂ ಇದೆ, ಗೌರವವೂ ಇದೆ. ಹೊಸಬರು ಅದಕ್ಕೆ ಕೈ ಹಾಕದಿರುವುದೇ ವಾಸಿ.

ಹಿಂದೆ ಈ 'ವಿಚ್' ಎಲ್ಲರ ಪಾಲಿಗೂ ಇರಲಿಲ್ಲ. ಅದು ದೊಡ್ಡವರ ಸೊತ್ತು. ಸಾಮಾನ್ಯರು ದಾಖಲೆಯಲ್ಲಿ 'ಇವಾನ್, ಪೆತ್ರನ ಮಗ' ಅನ್ನುವಷ್ಟಕ್ಕೇ ನಿಲ್ಲುತ್ತಿದ್ದರು. ಆಮೇಲೆ ಅದು ಎಲ್ಲರಿಗೂ ಬಂತು. ಈಗ ಹೊಸಗಾಲದ ಎಷ್ಟೋ ಆಫೀಸುಗಳಲ್ಲಿ ಬರೀ ಹೆಸರು ಸಾಕು, ಟಿವಿ, ಪತ್ರಿಕೆಗಳಲ್ಲೂ ಓಚೆಸ್ತ್ವೊ ಕಡಿಮೆಯಾಗಿದೆ. ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಲ್ಲಿ ಮಾತ್ರ ಗಟ್ಟಿಯಾಗಿ ನಿಂತಿದೆ.

ಇದನ್ನು ಎಲ್ಲ ಸ್ಲಾವ್ ಜನರ ಪದ್ಧತಿ ಅಂದುಕೊಳ್ಳಬೇಡಿ. ಉಕ್ರೇನ್, ಬೆಲಾರೂಸ್‌ಗಳಲ್ಲಿದೆ. ಬಲ್ಗೇರಿಯಾದಲ್ಲಿ ತಂದೆಯ ಹೆಸರು ದಾಖಲೆಯಲ್ಲಿರುತ್ತದೆ, ಕರೆಯಲು ಬಳಸುವುದಿಲ್ಲ. ಪೋಲೆಂಡಿನಲ್ಲಿ 'ಪಾನ್', 'ಪಾನಿ' ಇವೆ, ಅಲ್ಲಿ 'ಸರ್' ಕಳೆದುಕೊಂಡ ಸಂಕಟ ಇಲ್ಲ.

ಕನ್ನಡಿಗರಿಗೆ ತಂದೆಯ ಹೆಸರು ಹೊಸದೇನೂ ಅಲ್ಲ, ನಮ್ಮ ಎಷ್ಟೋ ಇನಿಷಿಯಲ್ಲುಗಳಲ್ಲಿ ಅದೇ ಅಡಗಿ ಕೂತಿರುತ್ತದೆ. ಶಂಕರ್ ಅವರ ಮಗನಿಗೆ ಅಲ್ಲಿನ ಗೆಳೆಯರು ತಮಾಷೆಗೆ 'ಶಂಕರೊವಿಚ್' ಅಂತ ಹೆಸರಿಡಬಹುದು. ದಾಖಲೆಗೆ ಅದು ಬೇಕಿಲ್ಲ, ಓಚೆಸ್ತ್ವೊ ಇಲ್ಲದ ವಿದೇಶಿಯರಿಗೆ ಆ ಜಾಗ ಖಾಲಿ ಬಿಡಲು ಅವಕಾಶವಿದೆ.

ಒಂದು ತೊಡಕು ಹೇಳಲೇಬೇಕು. ಡಾಕ್ಟರ ಬಾಗಿಲ ಮೇಲೆ ಎಷ್ಟೋ ಸಲ 'ಪೆತ್ರೊವಾ ಎ. ಎಸ್.' ಅಂತಷ್ಟೇ ಇರುತ್ತದೆ. 'ಎ' ಅಂದರೆ ಆನ್ನಾನೋ ಅಲ್ಲಾನೋ, 'ಎಸ್' ಸೆರ್ಗೇಯೆವ್ನಾನೋ ಸ್ತೆಪಾನೊವ್ನಾನೋ ಗೊತ್ತಾಗುವುದಿಲ್ಲ. ಊಹೆ ಮಾಡಬೇಡಿ. 'ಕಾಕ್ ವಾಶೆ ಇಮ್ಯಾ-ಓಚೆಸ್ತ್ವೊ?' (ನಿಮ್ಮ ಹೆಸರು, ಓಚೆಸ್ತ್ವೊ ಏನು?) ಅಂತ ಕೇಳಿ, ಅಲ್ಲೇ ಫೋನಿನಲ್ಲಿ ಬರೆದುಕೊಳ್ಳಿ. ಕೇಳಿದರೆ ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.